ವಾಲ್ಟರ್ ಸ್ಕಾಟ್‌ಗಿಂತ ಮೊದಲು ಬರೆದವಳು: ಯಾವ ಪುಸ್ತಕ ಅನುವಾದಿಸಲಿ, ಯಾರ ಹೆಸರು ಹಾಕಲಿ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಐತಿಹಾಸಿಕ ಕಾದಂಬರಿ ಎಂಬ ಪ್ರಕಾರ ವಾಲ್ಟರ್ ಸ್ಕಾಟ್‌ನಿಂದ ಶುರುವಾಯಿತೆಂದು ನಾನೂ ಕಲಿತೆ, ಮಕ್ಕಳಿಗೂ ಅದನ್ನೇ ಕಲಿಸಿದೆ. ಇತ್ತೀಚೆಗೆ ಒಂದು ಉಪನ್ಯಾಸದಲ್ಲಿ, ಸ್ಕಾಟ್‌ಗಿಂತ ಸುಮಾರು ಮೂವತ್ತು ವರ್ಷ ಮೊದಲೇ ಬೆನೆಡಿಕ್ಟೆ ನೌಬರ್ಟ್ ಎಂಬ ಜರ್ಮನ್ ಹೆಂಗಸು ಈ ಪ್ರಕಾರವನ್ನು ಹುಟ್ಟುಹಾಕಿದಳು, ಸ್ಕಾಟ್ ಅವಳಿಂದ ಕದ್ದ, ಗಂಡಂದಿರಿಗೆ ಹೆದರಿ ಅವಳು ಹೆಸರನ್ನೇ ಮುಚ್ಚಿಟ್ಟಳು ಎಂದು ಕೇಳಿದೆ. ಕುತೂಹಲದಿಂದ ಅಂತರ್ಜಾಲದಲ್ಲಿ ಹುಡುಕಿದಾಗ 'ಹರ್ಮನ್ ಆಫ್ ಉನ್ನಾ' ಎಂಬ 1794ರ ಇಂಗ್ಲಿಷ್ ಪುಸ್ತಕದ ಸ್ಕ್ಯಾನ್ ಪ್ರತಿ ಸಿಕ್ಕಿತು. ಆದರೆ ಮುಖಪುಟದಲ್ಲಿ 'ಪ್ರೊಫೆಸರ್ ಕ್ರೇಮರ್' ಎಂದಿದೆ. ನೌಬರ್ಟ್ ಎಂಬ ಹೆಸರು ಎಲ್ಲಿಯೂ ಇಲ್ಲ! ಇದನ್ನು ಕನ್ನಡಕ್ಕೆ ತರಬೇಕೆಂದು ಆಸೆಯಿದೆ. ನನಗೆ ಜರ್ಮನ್ ಬರುವುದಿಲ್ಲ, ಮೊಮ್ಮಗಳು ಎರಡು ವರ್ಷದಿಂದ ಕಲಿಯುತ್ತಿದ್ದಾಳೆ. ಕೇಳಿದ್ದೆಲ್ಲ ನಿಜವೇ? ಈ ಪ್ರತಿಯನ್ನು ನಂಬಿ ಕೆಲಸ ಶುರುಮಾಡಬಹುದೇ? ತಾನು ಬೇಡವೆಂದು ಮುಚ್ಚಿಟ್ಟ ಹೆಸರನ್ನು ನಾವು ಮುಖಪುಟದಲ್ಲಿ ಹಾಕುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಇಷ್ಟು ವರ್ಷ ತಪ್ಪು ಪಾಠ ಹೇಳಿದೆನೇ ಎಂಬುದು ಒಂದು. ಈಗ ಕೈಯಲ್ಲಿರುವ ಪುಸ್ತಕ ಅಸಲಿಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ: ಪುಸ್ತಕ ನೌಬರ್ಟ್ ಅವರದ್ದೇ, ಪ್ರೊಫೆಸರ್ ಸುಳ್ಳು. ಮೊದಲನೆಯದು ಅಷ್ಟು ಸುಲಭವಲ್ಲ. ಉಪನ್ಯಾಸಕರು ಹೇಳಿದ್ದರಲ್ಲಿ ನಿಜವೂ ಇದೆ, ಉತ್ಸಾಹದಲ್ಲಿ ಸೇರಿಕೊಂಡ ಉಪ್ಪುಕಾರವೂ ಇದೆ.

ನೌಬರ್ಟ್ ಹುಟ್ಟಿದ್ದು 1752ರಲ್ಲಿ, ಲೈಪ್ಜಿಗ್ ನಗರದಲ್ಲಿ. ಹಳೆಯ ಕೋಶಗಳಲ್ಲಿ 1756 ಎಂದಿರುತ್ತದೆ, ಗಾಬರಿಯಾಗಬೇಡಿ. ತಂದೆ ಯೋಹಾನ್ ಎರ್ನ್ಸ್ಟ್ ಹೇಬೆನ್‌ಸ್ಟ್ರೈಟ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರು. ಸ್ಯಾಕ್ಸನಿಯ ದೊರೆಯ ಪರವಾಗಿ 1731ರಲ್ಲಿ ಉತ್ತರ ಆಫ್ರಿಕಕ್ಕೆ ಒಂದು ಸಂಶೋಧನ ತಂಡವನ್ನು ಕರೆದೊಯ್ದವರು. ಮಗಳಿಗೆ ಐದೇ ವರ್ಷವಿದ್ದಾಗ, 1757ರಲ್ಲಿ, ತೀರಿಕೊಂಡರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ದೇವಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಮಲ ಅಣ್ಣ ಮನೆಯಲ್ಲೇ ಲ್ಯಾಟಿನ್, ಗ್ರೀಕ್, ಇತಿಹಾಸ, ತತ್ತ್ವಶಾಸ್ತ್ರ ಹೇಳಿಕೊಟ್ಟ. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಭಾಷೆಗಳನ್ನು ಆಕೆ ಸ್ವಂತ ಕಲಿತರು. ಹಳೆಯ ವೃತ್ತಾಂತಗಳನ್ನು ಮೂಲದಲ್ಲೇ ಓದಬಲ್ಲ ಹೆಂಗಸು ಆ ಊರಿನಲ್ಲಿ ಎಷ್ಟು ಮಂದಿ ಇದ್ದಿರಬಹುದು, ನೀವೇ ಊಹಿಸಿ.

ಆ ಊರು ಸಾಮಾನ್ಯ ಊರೂ ಅಲ್ಲ. ಜರ್ಮನ್ ಪುಸ್ತಕ ವ್ಯಾಪಾರದ ನಡುಮನೆ. ವರ್ಷಕ್ಕೆರಡು ದೊಡ್ಡ ಮೇಳಗಳು, ಅದಕ್ಕೆ ಮುದ್ರಿತ ಪಟ್ಟಿ, ಪಟ್ಟಿ ನೋಡಿ ಪುಸ್ತಕ ಕೊಳ್ಳುವ ವರ್ತಕರು, ಅವರಿಂದ ಬಾಡಿಗೆ ಪುಸ್ತಕಾಲಯಗಳಿಗೆ. 1779ರಲ್ಲಿ ಅವರ ಮೊದಲ ಕಾದಂಬರಿ ಬಂತು. ಅಲ್ಲಿಂದ ಮುಂದೆ ಐವತ್ತಕ್ಕೂ ಹೆಚ್ಚು ಪುಸ್ತಕಗಳು. ಬಹಳಷ್ಟನ್ನು ಪ್ರಕಟಿಸಿದ್ದು ವೈಗಾಂಡ್ ಸಂಸ್ಥೆ, 1774ರಲ್ಲಿ ಗಯಟೆಯ 'ವರ್ಟರ್' ಅಚ್ಚುಹಾಕಿದ್ದ ಅದೇ ಪ್ರಕಾಶಕರು. 1785ರಲ್ಲಿ ಕಾರ್ಲ್ ಚಕ್ರವರ್ತಿಯ ಮಗಳು ಎಮ್ಮಾಳ ಕಥೆ, 1786ರಲ್ಲಿ ಟೆಂಪ್ಲರ್ ಯೋಧರ ಹಿನ್ನೆಲೆಯ 'ವಾಲ್ಟರ್ ಫಾನ್ ಮಾಂಟ್‌ಬರಿ'. 1788 ಒಂದೇ ವರ್ಷದಲ್ಲಿ ಮೂರು: 'ಹರ್ಮನ್ ಫಾನ್ ಉನ್ನಾ', 'ಕೊನ್ರಾಡಿನ್ ಫಾನ್ ಷ್ವಾಬೆನ್', 'ಟೆಕ್ಲಾ ಫಾನ್ ಟುರ್ನ್'. ಯಾವುದರ ಮೇಲೂ ಹೆಸರಿಲ್ಲ.

ಇಲ್ಲಿ 'ಗಂಡಂದಿರಿಗೆ ಹೆದರಿ' ಎಂಬ ಮಾತು ಬಿದ್ದುಹೋಗುತ್ತದೆ. ಮೇಲಿನ ಪುಸ್ತಕಗಳನ್ನೆಲ್ಲ ಬರೆದಾಗ ಆಕೆಗೆ ಗಂಡನೇ ಇರಲಿಲ್ಲ. ಮೊದಲ ಮದುವೆ ಆದದ್ದು 1797ರಲ್ಲಿ, ನಲವತ್ತೈದರ ಹತ್ತಿರ. ವರ ನೌಂಬುರ್ಗ್ ಊರಿನ ಹೋಲ್ಡರೀಡರ್ ಎಂಬ ವರ್ತಕ. ಆತ ಕೆಲವೇ ವರ್ಷಗಳಲ್ಲಿ ತೀರಿಕೊಂಡ ಮೇಲೆ ಅದೇ ಊರಿನ ಇನ್ನೊಬ್ಬ ವರ್ತಕ ನೌಬರ್ಟ್‌ರನ್ನು ಮದುವೆಯಾದರು. ನಾವು ಇಂದು ಸಾಹಿತ್ಯ ಚರಿತ್ರೆಯಲ್ಲಿ ಬಳಸುವ ಹೆಸರು ಅವರ ಮುಖ್ಯ ಕಾದಂಬರಿಗಳೆಲ್ಲ ಬಂದಾದ ಮೇಲೆ ಅಂಟಿಕೊಂಡದ್ದು. 1788ರ ಓದುಗನಿಗೆ 'ನೌಬರ್ಟ್' ಎಂದರೆ ಯಾರೂ ಅಲ್ಲ.

ಹಾಗಾದರೆ ಹೆಸರನ್ನು ಯಾಕೆ ಮುಚ್ಚಿಟ್ಟರು? ಆ ಕಾಲದ ಜರ್ಮನಿಯಲ್ಲಿ ಹೆಸರಿಲ್ಲದೆ ಕಾದಂಬರಿ ಬರುವುದು ವಿಚಿತ್ರವೇನೂ ಅಲ್ಲ, ಗಂಡಸರೂ ಹಾಗೆ ಮಾಡುತ್ತಿದ್ದರು. ಹೆಣ್ಣೆಂದು ಗೊತ್ತಾದರೆ ವಿಮರ್ಶಕ ಪುಸ್ತಕವನ್ನು ಬಿಟ್ಟು ಬರೆದವಳನ್ನು ತೂಗುತ್ತಿದ್ದ. ಪಾಂಡಿತ್ಯ ತೋರಿದರೆ ಒಂದು ಕುಹಕ, ತೋರದಿದ್ದರೆ ಇನ್ನೊಂದು. ಹೆಸರಿಲ್ಲದ ಪುಸ್ತಕಕ್ಕೆ ಆ ಕಾಟವಿಲ್ಲ. ಜರ್ಮನ್ ಕವಿ, ನಾಟಕಕಾರ ಷಿಲ್ಲರ್‌ನ ಆಪ್ತ ಗೆಳೆಯ ಕೋರ್ನರ್ ಈ ಅನಾಮಿಕ ಕಾದಂಬರಿಗಳನ್ನು ಮೆಚ್ಚಿ ಅವನಿಗೆ ಪತ್ರ ಬರೆದದ್ದುಂಟು. ಓದುತ್ತಿರುವುದು ಒಬ್ಬ ಹೆಂಗಸಿನ ಬರಹ ಎಂಬ ಅರಿವಿಲ್ಲದ ಮೆಚ್ಚುಗೆ ಅದು. ನನ್ನ ಮಟ್ಟಿಗೆ ನೌಬರ್ಟ್ ಹೆದರಿ ಅಡಗಿದವರಲ್ಲ. ತಮ್ಮ ಕೆಲಸಕ್ಕೆ ಬೇಕಾದ ಸ್ವಾತಂತ್ರ್ಯವನ್ನು ಈ ದಾರಿಯಲ್ಲಿ ಗಳಿಸಿಕೊಂಡವರು. ಬೆಲೆ ತೆರಬೇಕಾಗಿ ಬಂದದ್ದು ಆಮೇಲೆ. ಒಡೆಯರಿಲ್ಲದ ಪುಸ್ತಕಗಳಿಗೆ ಊರೆಲ್ಲ ಒಡೆಯರು. ಅನುಮತಿಯಿಲ್ಲದೆ ಮರುಮುದ್ರಿಸುವವರು ಮರುಮುದ್ರಿಸಿದರು, ಇಂಗ್ಲಿಷಿಗೆ ತಂದವರು ಎಲ್ಲಿಂದಲೋ ಒಬ್ಬ ಪ್ರೊಫೆಸರನನ್ನು ತಂದು ಕೂರಿಸಿದರು. ಕ್ರೇಮರ್ ಎಂಬ ಹೆಸರಿನ ಜರ್ಮನ್ ಲೇಖಕರು ಆಗ ನಿಜವಾಗಿಯೂ ಇದ್ದರು, ಅವರಲ್ಲೊಬ್ಬ ಯೋಧರ, ದರೋಡೆಕೋರರ ಕಥೆಗಳಿಗೆ ಹೆಸರಾಗಿದ್ದ. ಹೆಸರು ನಂಬುವಂತೆಯೇ ಇತ್ತು. ನಿಮ್ಮ ಸ್ಕ್ಯಾನ್ ಪ್ರತಿಯ ಗುಟ್ಟು ಇಷ್ಟೇ.

ಇನ್ನು 'ಹುಟ್ಟುಹಾಕಿದಳು' ಎಂಬ ವಿಷಯ. ಮೊದಲಿಗರನ್ನು ಹುಡುಕುವ ಆಟಕ್ಕೆ ಕೊನೆಯಿಲ್ಲ. ಫ್ರಾನ್ಸಿನಲ್ಲಿ ಮದಾಂ ದ ಲಾ ಫಯೆತ್ 1678ರಲ್ಲೇ ಹಿಂದಿನ ಶತಮಾನದ ಅರಮನೆಯನ್ನು ಕಾದಂಬರಿ ಮಾಡಿದ್ದರು. ಇಂಗ್ಲೆಂಡಿನಲ್ಲಿ ಸೋಫಿಯಾ ಲೀ 'ದಿ ರಿಸೆಸ್' ಬರೆದದ್ದು 1783–85ರಲ್ಲಿ. ಜರ್ಮನಿಯಲ್ಲೇ ಮೈಸ್ನರ್ 1781ರಿಂದ 'ಆಲ್ಕಿಬಿಯಾಡೆಸ್' ಪ್ರಕಟಿಸತೊಡಗಿದ್ದ. ಆದ್ದರಿಂದ ನೌಬರ್ಟ್ ಮೊಟ್ಟಮೊದಲಿಗರು ಎಂದು ನಿಮ್ಮ ಮುನ್ನುಡಿಯಲ್ಲಿ ಬರೆಯಬೇಡಿ. ಯಾರಾದರೂ ಒಬ್ಬರು ಒಂದು ಹಳೆಯ ಪುಸ್ತಕ ಎತ್ತಿ ತೋರಿಸಿ ಇಡೀ ಮುನ್ನುಡಿಯನ್ನೇ ಅಲ್ಲಾಡಿಸಿಬಿಡುತ್ತಾರೆ.

ಆಕೆಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಮೈಸ್ನರ್‌ನಂಥವರು ಇತಿಹಾಸದ ದೊಡ್ಡ ಮನುಷ್ಯನನ್ನು ಹಿಡಿದು ನಡುವೆ ನಿಲ್ಲಿಸುತ್ತಾರೆ. ಕಥೆ ಅವನ ಜೀವನಚರಿತ್ರೆಗೆ ಹೊಲಿದ ಅಲಂಕಾರವಾಗುತ್ತದೆ. ನೌಬರ್ಟ್ ತಮ್ಮ ಒಳ್ಳೆಯ ಪುಸ್ತಕಗಳಲ್ಲಿ ದೊರೆ, ಚಕ್ರವರ್ತಿ, ಸೇನಾಪತಿಗಳನ್ನು ಅಂಚಿಗೆ ಸರಿಸಿ, ಚರಿತ್ರೆಯಲ್ಲಿ ಹೆಸರಿಲ್ಲದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಡುವೆ ತರುತ್ತಾರೆ. ಅರಮನೆಯ ಜಗಳ, ಯುದ್ಧ, ನ್ಯಾಯಾಲಯ ಎಲ್ಲವೂ ಆ ಕಲ್ಪಿತ ಜೀವದ ಮೇಲೆ ಬಂದೆರಗುತ್ತವೆ. ಕುರ್ಟ್ ಷ್ರೈನರ್ಟ್ ಎಂಬ ವಿದ್ವಾಂಸ 1941ರಲ್ಲಿ ಆಕೆಯ ಬಗ್ಗೆ ಒಂದು ಇಡೀ ಪುಸ್ತಕ ಬರೆದು, ಇದನ್ನು ಎರಡು ಪದರಗಳ ಕಾದಂಬರಿ ಎಂದು ಕರೆದ: ಮುಂದೆ ಕಲ್ಪನೆಯ ಪದರ, ಹಿಂದೆ ಚರಿತ್ರೆಯ ಪದರ. 1814ರ 'ವೇವರ್ಲಿ'ಯಲ್ಲಿ ಸ್ಕಾಟ್ ಮಾಡಿದ್ದೂ ಇದನ್ನೇ. ಹಾಗೆಂದು ನೌಬರ್ಟ್ ಎಲ್ಲ ಪುಸ್ತಕಗಳಲ್ಲೂ ಈ ಸೂತ್ರ ಹಿಡಿದು ಕೂತವರಲ್ಲ. 1268ರಲ್ಲಿ ನೇಪಲ್ಸ್‌ನಲ್ಲಿ ತಲೆ ಕಡಿಸಿಕೊಂಡ ಹೋಹೆನ್‌ಷ್ಟೌಫೆನ್ ರಾಜಮನೆತನದ ಕೊನೆಯ ಕುಮಾರನೇ ಅವರ 'ಕೊನ್ರಾಡಿನ್'ನ ನಾಯಕ.

ನಿಮ್ಮ ಕೈಯಲ್ಲಿರುವ 'ಹರ್ಮನ್' ಪುಸ್ತಕವನ್ನೇ ತೆಗೆದುಕೊಳ್ಳೋಣ. ಕಾಲ ವೆಂಟ್ಸೆಲ್ ಮತ್ತು ಸಿಗಿಸ್ಮುಂಡ್ ದೊರೆಗಳದ್ದು, ಅಂದರೆ 14ನೇ ಶತಮಾನದ ಕೊನೆ, 15ನೆಯದರ ಆರಂಭ. ಅದನ್ನು ಯುರೋಪಿನಾದ್ಯಂತ ಓಡಿಸಿದ್ದು ಫೆಮೆ ಎಂಬ ಗುಪ್ತ ನ್ಯಾಯಾಲಯದ ಚಿತ್ರಣ. ಇದು ಕಟ್ಟುಕಥೆಯಲ್ಲ. ವೆಸ್ಟ್‌ಫಾಲಿಯ ಪ್ರಾಂತ್ಯದಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ನಡೆಯುತ್ತಿದ್ದ ಇಂಥ ನ್ಯಾಯಪೀಠಗಳಿದ್ದವು. ಅವುಗಳ ಸದಸ್ಯರು ರಹಸ್ಯ ಕಾಪಾಡುವ ಪ್ರಮಾಣ ಮಾಡಿದವರು. ಆರೋಪಿಗೆ ಕರೆ ತಲುಪಿಸುವ ರೀತಿಯೊಂದನ್ನು ಕೇಳಿ: ದೂತ ರಾತ್ರಿ ಬಂದು ಕೋಟೆಯ ಬಾಗಿಲಿಗೆ ಕರೆಯೋಲೆ ಬಡಿದು, ಬಾಗಿಲಿನಿಂದಲೇ ಮೂರು ಚಕ್ಕೆ ಮರ ಕೆತ್ತಿಕೊಂಡು ಹೋಗುತ್ತಿದ್ದ. ಕರೆ ತಲುಪಿಸಿದೆ ಎಂಬುದಕ್ಕೆ ಆ ಚಕ್ಕೆಗಳೇ ಸಾಕ್ಷಿ. ಬೆಳಿಗ್ಗೆ ಬಾಗಿಲು ತೆರೆದವನಿಗೆ ಓಲೆಯ ಪಕ್ಕದಲ್ಲಿ ಹಸಿ ಗಾಯದಂತೆ ಮೂರು ಕಚ್ಚು ಕಾಣುತ್ತದೆ. ಹಾಜರಾಗದಿದ್ದರೆ ಶಿಕ್ಷೆ ಖಚಿತ, ಆಮೇಲೆ ಸದಸ್ಯರ ಕೈಗೆ ಎಲ್ಲಿ ಸಿಕ್ಕಿದರೂ ಹತ್ತಿರದ ಮರಕ್ಕೆ ನೇಣು. ಕಾದಂಬರಿಯಲ್ಲಿ ಈ ಭಯ ಬಂದು ಕೂರುವುದು ಇಡಾ ಎಂಬ ಹುಡುಗಿಯ ಕುತ್ತಿಗೆಗೆ. ಅವಳು ಪ್ರೀತಿಸಿದ ಹರ್ಮನ್ ಎಷ್ಟು ಶೂರನಾದರೂ ಕಣ್ಣಿಗೆ ಕಾಣದ ನ್ಯಾಯಾಧೀಶರ ಎದುರು ಕತ್ತಿ ಬೀಸಲಾರ. ಇಂಗ್ಲಿಷ್ ಅನುವಾದ ಬಂದ ಮರುವರ್ಷವೇ, 1795ರಲ್ಲಿ, ಜೇಮ್ಸ್ ಬೋಡನ್ ಇದನ್ನು ಲಂಡನ್ನಿನ ರಂಗಭೂಮಿಗೆ ನಾಟಕ ಮಾಡಿದ.

ಈಗ 'ಸ್ಕಾಟ್ ಕದ್ದ' ಎಂಬ ದೂರು. 1790ರ ದಶಕದಲ್ಲಿ ಸ್ಕಾಟ್ ಎಡಿನ್‌ಬರೋದಲ್ಲಿ ಜರ್ಮನ್ ಕಲಿತದ್ದು, ಜರ್ಮನ್ ಕವಿ ಬ್ಯೂರ್ಗರ್‌ನ ಲಾವಣಿಗಳನ್ನು ಅನುವಾದಿಸಿದ್ದು, 1829ರ 'ಆ್ಯನ್ ಆಫ್ ಗೈಯರ್‌ಸ್ಟೈನ್' ಕಾದಂಬರಿಯಲ್ಲಿ ಫೆಮೆ ನ್ಯಾಯಾಲಯವನ್ನು ತಂದದ್ದು ಎಲ್ಲ ನಿಜ. ಆದರೆ ಫೆಮೆಯ ದೃಶ್ಯ ನೌಬರ್ಟ್‌ಗಿಂತ ಮೊದಲೇ, 1773ರ ಗಯಟೆಯ 'ಗ್ಯೋಟ್ಸ್' ನಾಟಕದಲ್ಲಿದೆ. ಆ ನಾಟಕವನ್ನು 1799ರಲ್ಲಿ ಇಂಗ್ಲಿಷಿಗೆ ತಂದವನು ಯಾರು? ಇದೇ ಸ್ಕಾಟ್. ಇಬ್ಬರೂ ಒಂದೇ ಬಾವಿಯ ನೀರು ಸೇದಿದ್ದಾರೆ. ಹಾಗಾಗಿ ಕಳ್ಳತನದ ಮಾತು ನಿಲ್ಲದು. ನೌಬರ್ಟ್‌ರಿಂದ ಪಡೆದದ್ದನ್ನು ಬಚ್ಚಿಡದವನು ಬೇಕೆಂದರೆ ಇಂಗ್ಲಿಷ್ ಕಾದಂಬರಿಕಾರ ಮ್ಯಾಥ್ಯೂ ಲೂಯಿಸ್‌ನನ್ನು ನೋಡಿ. ಅವನ 1806ರ 'ಫ್ಯೂಡಲ್ ಟೈರಂಟ್ಸ್' ನೌಬರ್ಟ್‌ರ 'ಎಲಿಜಬೆತ್, ಟೊಗ್ಗೆನ್‌ಬುರ್ಗಿನ ವಾರಸುದಾರಳು' ಕಾದಂಬರಿಯ ರೂಪಾಂತರ. 17ನೇ ಶತಮಾನದ ಮೂವತ್ತು ವರ್ಷಗಳ ಯುದ್ಧದ ಸೇನಾಪತಿ ವಾಲೆನ್‌ಸ್ಟೈನನ ಕುರಿತ ಷಿಲ್ಲರ್‌ನ ನಾಟಕಗಳಲ್ಲಿ ಅವನ ಮಗಳ ಹೆಸರು ಟೆಕ್ಲಾ. ಚರಿತ್ರೆಯ ಮಗಳ ಹೆಸರು ಅದಲ್ಲ. ಅದೇ ಯುದ್ಧದ ನಡುವೆ, ಷಿಲ್ಲರ್‌ಗಿಂತ ಹತ್ತು ವರ್ಷ ಮೊದಲೇ, ನೌಬರ್ಟ್‌ರ ಟೆಕ್ಲಾ ಓಡಾಡಿಯಾಗಿತ್ತು. ಈ ನಂಟನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಮೊದಲೇ ಬರೆದವರು ಮರೆತುಹೋದರೇಕೆ? ಹೆಣ್ಣಾದದ್ದರಿಂದ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅದೂ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಹೆಸರನ್ನು ಸ್ಕಾಟ್ ಕೂಡ ಮುಚ್ಚಿಟ್ಟಿದ್ದ, ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ. ಅವನ ಗುಟ್ಟು ಎಲ್ಲರಿಗೂ ಗೊತ್ತಿದ್ದ ಗುಟ್ಟು, ಮಾರಾಟಕ್ಕೆ ಅನುಕೂಲವಾದ ಗುಟ್ಟು. ನೌಬರ್ಟ್‌ರ ಹೆಸರು 1817ರಲ್ಲಿ ಒಂದು ಪತ್ರಿಕೆಯಲ್ಲಿ, ಅವರ ಇಷ್ಟಕ್ಕೆ ವಿರುದ್ಧವಾಗಿ, ಬಯಲಾಯಿತು. ಆಗ ಅವರಿಗೆ ಅರವತ್ತೈದರ ಹತ್ತಿರ, ಕಣ್ಣು ಮಂದವಾಗಿತ್ತು. 1819ರ ಜನವರಿಯಲ್ಲಿ ಲೈಪ್ಜಿಗ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಜರ್ಮನಿಯನ್ನು ಸ್ಕಾಟ್ ಜ್ವರ ಹಿಡಿಯುವುದರಲ್ಲಿತ್ತು. ಎಷ್ಟರಮಟ್ಟಿಗೆ ಎಂದರೆ, ವಿಲಿಬಾಲ್ಡ್ ಅಲೆಕ್ಸಿಸ್ ಎಂಬ ಯುವಕ ತಾನೇ ಬರೆದ 'ವಾಲಡ್ಮೋರ್' ಕಾದಂಬರಿಯನ್ನು ಸ್ಕಾಟ್‌ನ ಅನುವಾದ ಎಂದು ಹೇಳಿ ಮಾರುಕಟ್ಟೆಗೆ ಬಿಟ್ಟ. ಅದನ್ನು ಇಂಗ್ಲಿಷ್ ಲೇಖಕ ಡಿ ಕ್ವಿನ್ಸಿ ಮತ್ತೆ ಇಂಗ್ಲಿಷಿಗೂ ತಂದ! ತಮ್ಮದೇ ಊರಿನ ಪರಂಪರೆಯನ್ನು ಜರ್ಮನ್ನರೇ ಎಣಿಕೆಯಿಂದ ಕೈಬಿಟ್ಟರು. ನಮ್ಮ ಕಡೆಗೂ ಬಂದದ್ದು ಅದೇ ಎಣಿಕೆ. ಬಂಕಿಮಚಂದ್ರರನ್ನು ಬಂಗಾಳದ ಸ್ಕಾಟ್ ಎಂದರು, ಬಿ. ವೆಂಕಟಾಚಾರ್ಯರ ಮೂಲಕ ಬಂಕಿಮರು ಕನ್ನಡಕ್ಕೆ ಬಂದರು. ನೀವು ತರಗತಿಯಲ್ಲಿ ಹೇಳಿದ್ದು ಈ ದಾರಿಯಲ್ಲಿ ನಡೆದು ಬಂದ ಪಾಠ, ಅದಕ್ಕೆ ಕೊರಗಬೇಕಾದ್ದಿಲ್ಲ.

ಇನ್ನೊಂದು ಕಾರಣವನ್ನು ಅವರ ಅಭಿಮಾನಿಗಳು ಮೆಲ್ಲಗೆ ದಾಟಿಸಿಬಿಡುತ್ತಾರೆ. ನೌಬರ್ಟ್ ಅವಸರದಲ್ಲಿ ಬರೆಯುತ್ತಿದ್ದರು, ಅದು ಪುಟಪುಟದಲ್ಲೂ ಕಾಣುತ್ತದೆ. ಅಪಹರಣದ ಮೇಲೆ ಅಪಹರಣ, ಕಳೆದುಹೋದ ಮಕ್ಕಳು, ಸರಿಯಾದ ಹೊತ್ತಿಗೆ ಎದುರಾಗುವ ಸಂನ್ಯಾಸಿಗಳು. ಮಧ್ಯಯುಗದ ರಾಜಕುಮಾರಿಯರು 18ನೇ ಶತಮಾನದ ಲೈಪ್ಜಿಗ್ ಮನೆತನದ ಹೆಣ್ಣುಮಕ್ಕಳಂತೆ ನೀತಿ ಮಾತಾಡುತ್ತಾರೆ. ಸ್ಕಾಟ್‌ನಲ್ಲಿ ಒಂದು ಛತ್ರದ ಜಗಲಿಯ ಮಾತುಕತೆಯಿಂದಲೇ ಎರಡು ಕಾಲಗಳ ಘರ್ಷಣೆ ಕೇಳಿಸುತ್ತದೆ. ಆ ಕಿವಿ ನೌಬರ್ಟ್‌ಗೆ ಇರಲಿಲ್ಲ. ಸ್ಕಾಟ್ ದೊಡ್ಡ ಕಾದಂಬರಿಕಾರ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅವನು ನಡೆದ ದಾರಿಯಲ್ಲಿ ಮೊದಲೇ ಹೆಜ್ಜೆಗಳಿದ್ದವು ಎಂಬುದರಲ್ಲಿಯೂ ಇಲ್ಲ.

ಕೆಲಸದ ಮಾತಿಗೆ ಬರೋಣ. ನಿಮ್ಮ ಮುಂದಿರುವ ಅತಿ ಸುಲಭದ ದಾರಿ ಕೈಯಲ್ಲಿರುವ ಇಂಗ್ಲಿಷ್ ಪ್ರತಿಯಿಂದ ಅನುವಾದಿಸುವುದು. ಅಪಾಯ ಏನೆಂದರೆ, ಆ ಕಾಲದ ಅನುವಾದಕರು ಮೂಲಕ್ಕೆ ನಿಷ್ಠರಾಗಿರಬೇಕೆಂದು ತಲೆಕೆಡಿಸಿಕೊಂಡವರಲ್ಲ. ಕತ್ತರಿಸುತ್ತಿದ್ದರು, ಸೇರಿಸುತ್ತಿದ್ದರು. 'ಹರ್ಮನ್' ಇಂಗ್ಲಿಷಿಗಿಂತ ಮೊದಲೇ ಫ್ರೆಂಚಿಗೆ ಹೋಗಿತ್ತು. ಇಂಗ್ಲಿಷ್ ಆವೃತ್ತಿಯ ಜೊತೆಯಲ್ಲಿರುವ ಗುಪ್ತ ನ್ಯಾಯಾಲಯದ ಕುರಿತ ಪ್ರಬಂಧವೂ ಬಾಕ್ ಎಂಬ ಫ್ರೆಂಚ್ ಸಾಮಂತನದ್ದು, ನೌಬರ್ಟ್‌ರದ್ದಲ್ಲ. ಇದನ್ನು ತಿಳಿಯದೆ ಅನುವಾದಿಸಿದವರು ಆ ಪ್ರಬಂಧವನ್ನೂ ಅವರ ತಲೆಗೆ ಕಟ್ಟುತ್ತಾರೆ. ಲೂಯಿಸ್‌ನ ಪುಸ್ತಕವನ್ನಂತೂ ಅನುವಾದವೆಂದು ಭಾವಿಸಲೇಬೇಡಿ.

ಜರ್ಮನ್ ಮೂಲಕ್ಕೆ ಹೋಗುವುದು ಎರಡನೆಯ ದಾರಿ. ಮೊದಲ ಮುದ್ರಣಗಳ ಸ್ಕ್ಯಾನ್‌ಗಳು ಜರ್ಮನಿಯ ಗ್ರಂಥಾಲಯಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅವು ಫ್ರಾಕ್ಟೂರ್ ಎಂಬ ಹಳೆಯ ಮುರಿಮುರಿ ಅಕ್ಷರದಲ್ಲಿವೆ, ಕಾಗುಣಿತವೂ ಹಳತು. ಎರಡು ವರ್ಷ ಕಲಿತ ಮೊಮ್ಮಗಳು ಮೊದಲ ಪುಟದಲ್ಲೇ ಪೆಚ್ಚಾದರೆ ಬೈಯಬೇಡಿ. ಕೆಲವು ವಾರಗಳಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಕಂಪ್ಯೂಟರ್ ಓದಿ ಕೊಟ್ಟ ಪಠ್ಯವನ್ನು ಮಾತ್ರ ನಂಬಬೇಡಿ. ಆ ಲಿಪಿಯ ಉದ್ದನೆಯ 'ಎಸ್' ಮತ್ತು 'ಎಫ್' ನಡುವೆ ಯಂತ್ರ ಎಡವುತ್ತಲೇ ಇರುತ್ತದೆ, ಆ ಎಡವಟ್ಟನ್ನು ಯಾಂತ್ರಿಕ ಅನುವಾದಕ್ಕೆ ಕೊಟ್ಟರೆ ಹೊರಬರುವುದು ದೇವರಿಗೇ ಪ್ರೀತಿ. ಮುಖಪುಟದಲ್ಲಿ ಲೈಪ್ಜಿಗ್, ವೈಗಾಂಡ್ ಎಂದಿರುವ ಪ್ರತಿಯನ್ನೇ ಹುಡುಕಿ. ಬೇರೆ ಊರಿನ ಹೆಸರಿದ್ದರೆ ಅದು ಕಳ್ಳಮುದ್ರಣವಿರಬಹುದು.

ನನ್ನನ್ನು ಕೇಳಿದರೆ ಮೂರನೆಯದನ್ನು ಹೇಳುತ್ತೇನೆ: ಕಾದಂಬರಿಯನ್ನು ಸದ್ಯಕ್ಕೆ ಬದಿಗಿಡಿ, ಅವರ 'ಜರ್ಮನ್ನರ ಹೊಸ ಜಾನಪದ ಕಥೆಗಳು' ಸಂಗ್ರಹದಿಂದ ಒಂದನ್ನು ಎತ್ತಿಕೊಳ್ಳಿ. 1789ರಿಂದ ಸಂಪುಟಗಳಲ್ಲಿ ಬಂದ ಈ ಕಥೆಗಳನ್ನು ಬರೆದವರನ್ನು ಕಾಣಲು ವಿಲ್‌ಹೆಲ್ಮ್ ಗ್ರಿಮ್ 1809ರಲ್ಲಿ ನೌಂಬುರ್ಗ್‌ಗೇ ಹೋಗಿದ್ದ. ಗ್ರಿಮ್ ಸೋದರರ ಮೊದಲ ಕಥಾಸಂಪುಟ ಬಂದದ್ದು 1812ರಲ್ಲಿ. ನೂಲುವವರ ದೇವತೆ ಫ್ರೌ ಹೊಲ್ಲೆ ಬರುವ 'ಗಿಡ್ಡ ನಿಲುವಂಗಿ' ಕಥೆಯಲ್ಲಿ ಇತಿಹಾಸ, ದಂತಕಥೆ, ಹೆಂಗಸರ ನಡುವಿನ ಮಾತು ಸೇರಿಕೊಳ್ಳುವ ರೀತಿ ಕನ್ನಡಕ್ಕೆ ಹದವಾಗಿ ಬಂದೀತು. ಈ ಸಂಗ್ರಹವನ್ನು ವಾಲ್‌ಸ್ಟೈನ್ ಪ್ರಕಾಶನ 2001ರಲ್ಲಿ ನಾಲ್ಕು ಸಂಪುಟಗಳಲ್ಲಿ ಟಿಪ್ಪಣಿ ಸಮೇತ ಮರುಪ್ರಕಟಿಸಿದೆ. ಓದಲು ಕಷ್ಟವಿಲ್ಲ, ಬೆಲೆ ಮಾತ್ರ ಕೈ ಸುಡುತ್ತದೆ. ಅದು ಒಗ್ಗಿದರೆ ಮುಂದೆ 'ಎಲಿಜಬೆತ್' ಕಡೆ ಹೋಗಿ. ಸ್ವಿಟ್ಜರ್ಲೆಂಡಿನ ಒಂದು ಮನೆತನದ ಚರಿತ್ರೆಯನ್ನು ತಲೆಮಾರುಗಳ ಹೆಣ್ಣುಮಕ್ಕಳ ಬಾಯಿಂದಲೇ ಹೇಳಿಸುವ ಆ ಪುಸ್ತಕ 'ಹರ್ಮನ್'ಗಿಂತ ಇಂದಿನ ಓದುಗರಿಗೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಗುಪ್ತ ನ್ಯಾಯಾಲಯದ ರೋಮಾಂಚನವೇ ಬೇಕೆಂದಿದ್ದರೆ ನಿಮ್ಮ ಆಯ್ಕೆ ನಿಮ್ಮದು.

ಹಕ್ಕುಸ್ವಾಮ್ಯದ ತೊಡಕಿಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ, ಇಲ್ಲಿ ಇನ್ನೂರು ದಾಟಿದೆ. ಆದರೆ ಆಧುನಿಕ ಆವೃತ್ತಿಯ ಮುನ್ನುಡಿ, ಟಿಪ್ಪಣಿಗಳು ಸಂಪಾದಕರ ಸ್ವತ್ತು. ಅವನ್ನು ಅನುವಾದಿಸಲು ಅನುಮತಿ ಬೇಕು.

ಕೊನೆಯದಾಗಿ ಹೆಸರು. ನಿಮ್ಮ ಅಳುಕು ನನಗೆ ಹಿಡಿಸಿತು, ಹೆಚ್ಚಿನವರಿಗೆ ಈ ಪ್ರಶ್ನೆ ಹೊಳೆಯುವುದೂ ಇಲ್ಲ. ಗುಟ್ಟು ಬಯಲಾದ ಮೇಲೆ ಬಂದ ಅವರ ಕಡೆಯ ಪುಸ್ತಕಗಳ ಮೇಲೆ ಅವರ ಹೆಸರೇ ಇದೆ. ಆಗಿದ್ದನ್ನು ಅವರೇ ಒಪ್ಪಿ ನಡೆದಿದ್ದಾರೆ. ಆದ್ದರಿಂದ ಮುಖಪುಟದಲ್ಲಿ ಬೆನೆಡಿಕ್ಟೆ ನೌಬರ್ಟ್ ಎಂದೇ ಹಾಕಿ. ಒಳಪುಟದಲ್ಲಿ, ಮೂಲ ಪುಸ್ತಕ ಲೈಪ್ಜಿಗ್‌ನಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು ಎಂದು ವರ್ಷದ ಸಮೇತ ಒಂದು ಸಾಲು ಬರೆಯಿರಿ. ಇಂಗ್ಲಿಷಿನಿಂದ ಅನುವಾದಿಸಿದ್ದರೆ ಅದನ್ನೂ ಅಲ್ಲೇ ಹೇಳಿಬಿಡಿ. ಪ್ರೊಫೆಸರ್ ಕ್ರೇಮರ್‌ಗೆ ಅಡಿಟಿಪ್ಪಣಿಯಲ್ಲಿ ಜಾಗ ಕೊಟ್ಟರೆ ಸಾಕು.